ರೋಗಪತ್ತೆಯ ಹೊಸ ಪರೀಕ್ಷೆಗಳು: ಮಹಾಪ್ರಬಂಧದಿಂದ ಮಾರುಕಟ್ಟೆಯವರೆಗೆ

ಹೂಟಗಳ್ಳಿ ಕೈಗಾರಿಕಾ ಪ್ರದೇಶ ಎಂದೊಡನೆ ನಮ್ಮ ಸದಸ್ಯರ ಮನಸ್ಸಿಗೆ ಬರುವುದು ವಾಹನಗಳ ಆಕ್ಸಲ್, ಯಂತ್ರಗಳ ಬಿಡಿಭಾಗ, ಪ್ಲಾಸ್ಟಿಕ್ ಮೋಲ್ಡಿಂಗ್, ಪ್ಯಾಕಿಂಗ್ ಸಾಮಗ್ರಿ ಇತ್ಯಾದಿ. ಆಟೋಮೋಟಿವ್ ಆಕ್ಸಲ್ಸ್ ಕಾರ್ಖಾನೆ ಇಲ್ಲಿಯೇ ಇದೆ, ಬಿ.ಇ.ಎಂ.ಎಲ್. ಸಮೀಪದ ಬೆಳವಾಡಿಯಲ್ಲಿದೆ. ರಕ್ತಪರೀಕ್ಷೆ, ರೋಗಪತ್ತೆ ಮುಂತಾದ ವಿಷಯಗಳು ವೈದ್ಯರಿಗೂ ಪ್ರಯೋಗಾಲಯಗಳಿಗೂ ಸೇರಿದ್ದೆಂದು ನಾವು ಬಹುಕಾಲ ಭಾವಿಸಿದ್ದೆವು. 2020ನೇ ಇಸವಿಯು ಈ ಭಾವನೆಯನ್ನು ಬದಲಿಸಿತು. ಆ ವರ್ಷದ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ಉದ್ಯೋಗಿಯಲ್ಲಿ ಕೋವಿಡ್ ಸೋಂಕು ಪತ್ತೆಯಾಯಿತು. ಕಾರ್ಖಾನೆಯ ಬಾಗಿಲು ತೆರೆಯುವುದೂ ಮುಚ್ಚುವುದೂ ಒಂದು ಪರೀಕ್ಷೆಯ ಫಲಿತಾಂಶವನ್ನು ಅವಲಂಬಿಸಿರಬಹುದೆಂಬುದು ಅಂದು ಜಿಲ್ಲೆಯ ಉದ್ದಿಮೆದಾರರಿಗೆಲ್ಲ ಮನವರಿಕೆಯಾಯಿತು.

ಅದೇ ವರ್ಷ ಏಪ್ರಿಲ್‌ನಲ್ಲಿ ವರ್ತಕರಿಗೆ ಇನ್ನೊಂದು ಪಾಠ ದೊರೆಯಿತು. ಚೀನಾದ ಎರಡು ಕಂಪನಿಗಳು ತಯಾರಿಸಿದ ಕ್ಷಿಪ್ರ ಪ್ರತಿಕಾಯ ಪರೀಕ್ಷಾ ಕಿಟ್‌ಗಳು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ, ಅಂದರೆ ಐ.ಸಿ.ಎಂ.ಆರ್.ನ ಮೂಲಕ ರಾಜ್ಯಗಳಿಗೆ ತಲುಪಿದವು. ಬಳಸಿ ನೋಡಿದಾಗ ರೋಗಿಯಲ್ಲಿ ಸೋಂಕನ್ನು ಗುರುತಿಸುವ ಪ್ರಮಾಣವು ಶೇ. 6ರಿಂದ ಶೇ. 71ರವರೆಗೆ ಏರುಪೇರಾಗುತ್ತಿದೆಯೆಂದು ವರದಿಗಳು ಬಂದವು. ಏಪ್ರಿಲ್ 27ರಂದು ಕಿಟ್‌ಗಳನ್ನು ಹಿಂದಿರುಗಿಸುವಂತೆ ರಾಜ್ಯಗಳಿಗೆ ಸೂಚಿಸಲಾಯಿತು. ಸರಕಾರವು ತಾನು ಹಣ ಪಾವತಿ ಮಾಡಿಲ್ಲವೆಂದೂ ತನಗೆ ಒಂದು ರೂಪಾಯಿಯೂ ನಷ್ಟವಿಲ್ಲವೆಂದೂ ತಿಳಿಸಿತು. ಆಮದಿನ ವೆಚ್ಚ 245 ರೂ. ಇದ್ದ ಕಿಟ್ಟನ್ನು 600 ರೂ.ಗಳಿಗೆ ಒದಗಿಸಲು ಒಪ್ಪಂದವಾಗಿದ್ದುದು ವ್ಯಾಪಾರಿ ಸಂಸ್ಥೆಗಳ ನಡುವಿನ ವ್ಯಾಜ್ಯದಲ್ಲಿ ಬೆಳಕಿಗೆ ಬಂದು, ಬೆಲೆ 400 ರೂ. ಮೀರಬಾರದೆಂದು ದೆಹಲಿ ಉಚ್ಚ ನ್ಯಾಯಾಲಯ ಹೇಳಿತು. ಸರಕಿನ ಬೆಲೆಯ ಬಗ್ಗೆ ಇಷ್ಟೆಲ್ಲ ಚರ್ಚೆ ನಡೆಯಿತು. ಆದರೆ ಸರಕಿನ ಗುಣವನ್ನು ಅಳೆಯುವ ಅಂಕಿಗಳ ಬಗ್ಗೆ ಕೊಳ್ಳುವ ಮುನ್ನ ನಡೆಯಬೇಕಾದ ಚರ್ಚೆ ಕೊಂಡ ಮೇಲೆ ನಡೆಯಿತು.

ಈ ಹಿನ್ನೆಲೆಯಲ್ಲಿ, ರೋಗಪತ್ತೆಯ ಹೊಸ ಪರೀಕ್ಷೆಗಳು ಹೇಗೆ ಹುಟ್ಟುತ್ತವೆ, ವಿಶ್ವವಿದ್ಯಾನಿಲಯದ ಸಂಶೋಧನೆಯು ಸರಕಾಗಿ ಮಾರ್ಪಡುವುದು ಹೇಗೆ, ಇದರಲ್ಲಿ ಸಣ್ಣ ತಯಾರಕರಿಗೂ ವರ್ತಕರಿಗೂ ಇರುವ ಅವಕಾಶವೇನು, ಅಪಾಯವೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸಲಾಗಿದೆ.

ಸಂಶೋಧನಾರ್ಥಿಯ ಕೆಲಸವೇನು?

ಪ್ರತಿಯೊಂದು ರೋಗವೂ ದೇಹದಲ್ಲಿ ಒಂದು ಗುರುತನ್ನು ಬಿಡುತ್ತದೆ. ಅದು ರೋಗಾಣುವಿನ ವಂಶದ್ರವ್ಯವಾಗಿರಬಹುದು, ರೋಗಾಣುವಿನ ಮೈಮೇಲಿನ ಪ್ರೋಟೀನ್ ಆಗಿರಬಹುದು, ಅದರ ವಿರುದ್ಧ ದೇಹವು ಸೃಷ್ಟಿಸಿದ ಪ್ರತಿಕಾಯವಾಗಿರಬಹುದು, ಇಲ್ಲವೇ ರಕ್ತದಲ್ಲಿ ಏರಿದ ಸಕ್ಕರೆಯಂತಹ ಪದಾರ್ಥವಾಗಿರಬಹುದು. ಈ ಗುರುತನ್ನು ಮಾತ್ರ ಹಿಡಿದು, ಮತ್ತಾವುದನ್ನೂ ಹಿಡಿಯದ ಒಂದು 'ಕೊಕ್ಕೆ'ಯನ್ನು ಕಂಡುಹಿಡಿಯುವುದು ಸಂಶೋಧನಾರ್ಥಿಯ ಮೊದಲ ಕೆಲಸ. ಕೊಕ್ಕೆಗೆ ಗುರುತು ಸಿಕ್ಕಿಕೊಂಡಿದೆ ಎಂಬುದನ್ನು ಬಣ್ಣ, ಬೆಳಕು ಅಥವಾ ವಿದ್ಯುತ್ ಪ್ರವಾಹದ ರೂಪದಲ್ಲಿ ಕಣ್ಣಿಗೆ ಕಾಣಿಸುವುದು ಎರಡನೆಯ ಕೆಲಸ. ಅತಿ ಕಡಿಮೆ ಪ್ರಮಾಣದಲ್ಲಿ ಎಷ್ಟನ್ನು ಪತ್ತೆ ಹಚ್ಚಬಹುದೆಂದು ಅಳೆಯುವುದು ಮೂರನೆಯದು. ಪಿಎಚ್.ಡಿ. ಮಹಾಪ್ರಬಂಧವೊಂದರಲ್ಲಿ ಸಾಮಾನ್ಯವಾಗಿ ಈ ಮೂರು ಹಂತಗಳಿಗೇ ನಾಲ್ಕೈದು ವರ್ಷ ಸಲ್ಲುತ್ತದೆ.

ನಮ್ಮ ಊರಿನಲ್ಲಿಯೇ ಇಂತಹ ಕೆಲಸ ಬಹುಕಾಲದಿಂದ ನಡೆದಿದೆ. 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ ಕೀಟನಾಶಕದ ಶೇಷವನ್ನು ಗುರುತಿಸುವ ಜೈವಿಕ ಸಂವೇದಕಗಳ ಬಗ್ಗೆಯೂ, 1961ರಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದಲ್ಲಿ ಆಹಾರದಲ್ಲಿನ ರೋಗಾಣುಗಳ ಪತ್ತೆಯ ಬಗ್ಗೆಯೂ ಹಲವು ಸಂಶೋಧನಾರ್ಥಿಗಳು ಕೆಲಸ ಮಾಡಿದ್ದಾರೆ. ಹಾಲಿನಲ್ಲಿರುವ ಬ್ಯಾಕ್ಟೀರಿಯವನ್ನು ಹಿಡಿಯುವ ವಿದ್ಯೆಗೂ ರೋಗಿಯ ರಕ್ತದಲ್ಲಿರುವ ಬ್ಯಾಕ್ಟೀರಿಯವನ್ನು ಹಿಡಿಯುವ ವಿದ್ಯೆಗೂ ತತ್ತ್ವದಲ್ಲಿ ಭೇದವಿಲ್ಲ.

ಎಲ್ಲರೂ ನೋಡಿರುವ ಒಂದು ನಿದರ್ಶನ

ಔಷಧ ಅಂಗಡಿಯಲ್ಲಿ ದೊರೆಯುವ ಗರ್ಭಪರೀಕ್ಷೆಯ ಕಿಟ್ಟನ್ನು ತೆಗೆದುಕೊಳ್ಳೋಣ. ಪ್ಲಾಸ್ಟಿಕ್ ಕವಚದೊಳಗೆ ನಾಲ್ಕು ತುಂಡುಗಳ ಒಂದು ಸ್ಟ್ರಿಪ್ ಇರುತ್ತದೆ. ಮೊದಲನೆಯ ತುಂಡು ಮಾದರಿಯನ್ನು ಹೀರುತ್ತದೆ. ಎರಡನೆಯದರಲ್ಲಿ ಚಿನ್ನದ ಅತಿ ಸೂಕ್ಷ್ಮ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳು ಒಣಗಿದ ಸ್ಥಿತಿಯಲ್ಲಿರುತ್ತವೆ. ಮೂರನೆಯದು ನೈಟ್ರೋಸೆಲ್ಯುಲೋಸ್ ಪೊರೆ. ಅದರ ಮೇಲೆ ಎರಡು ಅಡ್ಡಗೆರೆಗಳಾಗಿ ಬೇರೆ ಪ್ರತಿಕಾಯಗಳನ್ನು ಎಳೆದಿರುತ್ತಾರೆ. ಕೊನೆಯ ತುಂಡು ಉಳಿದ ದ್ರವವನ್ನು ಸೆಳೆದುಕೊಳ್ಳುತ್ತದೆ. ಹುಡುಕುತ್ತಿರುವ ಪದಾರ್ಥವಿದ್ದರೆ ಚಿನ್ನದ ಕಣಗಳು ಮೊದಲ ಗೆರೆಯಲ್ಲಿ ಸಿಕ್ಕಿಕೊಂಡು ಕೆಂಪಾಗಿ ಕಾಣುತ್ತವೆ. ಎರಡನೆಯ ಗೆರೆ ನಿಯಂತ್ರಣಕ್ಕಾಗಿ. ಅದು ಮೂಡದಿದ್ದರೆ ಪರೀಕ್ಷೆಯೇ ಅಸಿಂಧು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಕ್ಷಿಪ್ರ ಕಿಟ್‌ಗಳೂ ಈ ರಚನೆಯವೇ.

ಎರಡು ಅಂಕಿಗಳು

ಯಾವುದೇ ಪರೀಕ್ಷೆಯನ್ನು ಎರಡು ಅಂಕಿಗಳಿಂದ ತೂಗಲಾಗುತ್ತದೆ. ನೂರು ಮಂದಿ ನಿಜವಾದ ರೋಗಿಗಳಲ್ಲಿ ಎಷ್ಟು ಮಂದಿಯನ್ನು ಪರೀಕ್ಷೆ ಗುರುತಿಸುತ್ತದೆ ಎಂಬುದು ಅದರ ಸೂಕ್ಷ್ಮತೆ. ನೂರು ಮಂದಿ ಆರೋಗ್ಯವಂತರಲ್ಲಿ ಎಷ್ಟು ಮಂದಿಯನ್ನು ರೋಗವಿಲ್ಲವೆಂದು ಸರಿಯಾಗಿ ಹೇಳುತ್ತದೆ ಎಂಬುದು ಅದರ ನಿರ್ದಿಷ್ಟತೆ. ಮಾರಾಟಗಾರರು 'ಶೇ. 95 ನಿಖರ' ಎಂದು ಹೇಳಿದಾಗ ಇವೆರಡರಲ್ಲಿ ಯಾವುದು ಎಂದು ಕೇಳುವವರು ವಿರಳ. ಎರಡೂ ಶೇ. 95 ಇದ್ದರೂ ಏನಾಗುತ್ತದೆಂದು ಲೆಕ್ಕ ಹಾಕಿ ನೋಡೋಣ.

ಸಾವಿರ ಕಾರ್ಮಿಕರಿರುವ ಕಾರ್ಖಾನೆಯಲ್ಲಿ ನೂರಕ್ಕೆ ಇಬ್ಬರಿಗೆ, ಅಂದರೆ ಒಟ್ಟು 20 ಮಂದಿಗೆ ರೋಗವಿದೆ ಎಂದಿಟ್ಟುಕೊಳ್ಳೋಣ. ಪರೀಕ್ಷೆಯು ಅವರಲ್ಲಿ 19 ಮಂದಿಯನ್ನು ಗುರುತಿಸಿ ಒಬ್ಬನನ್ನು ಬಿಡುತ್ತದೆ. ಉಳಿದ 980 ಆರೋಗ್ಯವಂತರಲ್ಲಿ ನೂರಕ್ಕೆ ಐವರಂತೆ 49 ಮಂದಿಯನ್ನು ತಪ್ಪಾಗಿ ರೋಗಿಗಳೆಂದು ತೋರಿಸುತ್ತದೆ. ಒಟ್ಟು 68 ಮಂದಿ 'ಪಾಸಿಟಿವ್' ಆದವರಲ್ಲಿ ನಿಜವಾದ ರೋಗಿಗಳು 19 ಮಾತ್ರ. ಅಂದರೆ ನೂರಕ್ಕೆ 28. ಅದೇ ಕಿಟ್ಟನ್ನು ಆಸ್ಪತ್ರೆಯಲ್ಲಿ ರೋಗಲಕ್ಷಣವುಳ್ಳ 200 ಮಂದಿಗೆ ಬಳಸಿದರೆ, ಅವರಲ್ಲಿ ಅರ್ಧದಷ್ಟು ಜನ ರೋಗಿಗಳಾಗಿದ್ದಲ್ಲಿ, 95 ಸರಿಯಾದ ಮತ್ತು 5 ತಪ್ಪಾದ ಪಾಸಿಟಿವ್ ಫಲಿತಾಂಶಗಳು ಬರುತ್ತವೆ. ಕಿಟ್ ಒಂದೇ, ಬೆಲೆ ಒಂದೇ. ಬಳಸಿದ ಸ್ಥಳ ಬೇರೆಯಾದುದರಿಂದ ಫಲಿತಾಂಶದ ಬೆಲೆ ಬೇರೆಯಾಯಿತು.

ಆದ್ದರಿಂದ, ಒಂದು ಕ್ಷಿಪ್ರ ಪರೀಕ್ಷೆಯ ಆಧಾರದ ಮೇಲೆ ಕಾರ್ಮಿಕನನ್ನು ಕೆಲಸದಿಂದ ದೂರವಿಡುವ ಮುನ್ನ ಮಾಲೀಕರು ಎರಡನೆಯ, ಹೆಚ್ಚು ನಿರ್ದಿಷ್ಟವಾದ ಪರೀಕ್ಷೆಯನ್ನು ಮಾಡಿಸಬೇಕು. ಮೇಲಿನ ಲೆಕ್ಕದ 49 ಮಂದಿಯೂ ಕೂಲಿಯನ್ನು ನಂಬಿ ಬದುಕುವವರೇ ಎಂಬುದನ್ನು ಮರೆಯಲಾಗದು. ಎಚ್.ಐ.ವಿ. ವಿಷಯದಲ್ಲಿಯಂತೂ 2017ರ ಕಾಯಿದೆಯು ಕೆಲಸ ಕೊಡಲು ಪರೀಕ್ಷೆಯನ್ನು ಷರತ್ತಾಗಿ ವಿಧಿಸುವುದನ್ನೇ ನಿಷೇಧಿಸಿದೆ.

ನಮ್ಮ ರಾಜ್ಯದ ಮೂರು ನಿದರ್ಶನಗಳು

ಪ್ರಯೋಗಾಲಯದಿಂದ ಹೊರಟ ಸಂಶೋಧನೆಯು ಸರಕಾಗುವ ದಾರಿ ಹೇಗಿರುತ್ತದೆಂಬುದಕ್ಕೆ ಕರ್ನಾಟಕದಲ್ಲಿಯೇ ಉತ್ತಮ ಉದಾಹರಣೆಗಳಿವೆ.

ಮೊದಲನೆಯದು ಬೆಂಗಳೂರಿನ ಪಾಥ್‌ಶೋಧ್ ಹೆಲ್ತ್‌ಕೇರ್. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಡಾ. ವಿನಯ್ ಕುಮಾರ್ ಅವರು ಪ್ರೊ. ನವಕಾಂತ ಭಟ್ ಅವರೊಡನೆ ನಡೆಸಿದ ಪಿಎಚ್.ಡಿ. ಸಂಶೋಧನೆಯೇ ಈ ಸಂಸ್ಥೆಯ ಬುನಾದಿ. ಪ್ರೊ. ಭಟ್ ಅವರು ನಮ್ಮ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನ ಪದವೀಧರರೆಂಬುದು ನಮಗೆ ಹೆಮ್ಮೆಯ ಸಂಗತಿ. ಒಂದು ತೊಟ್ಟು ರಕ್ತವನ್ನು ಸ್ಟ್ರಿಪ್ಪಿನ ಮೇಲಿಟ್ಟಾಗ ಅಲ್ಲಿ ಲೇಪಿಸಿರುವ ರಾಸಾಯನಿಕಕ್ಕೆ ಬೇಕಾದ ಪದಾರ್ಥ ಅಂಟಿಕೊಂಡು ವಿದ್ಯುತ್ ಪ್ರವಾಹದಲ್ಲಿ ಬದಲಾವಣೆಯಾಗುತ್ತದೆ. ಅಂಗೈಯಲ್ಲಿ ಹಿಡಿಯಬಹುದಾದ 'ಅನುಪಾಥ್' ಉಪಕರಣವು ಅದನ್ನು ಓದುತ್ತದೆ. ರಕ್ತದ ಸಕ್ಕರೆಯೊಂದೇ ಅಲ್ಲ, ಹಿಮೋಗ್ಲೋಬಿನ್ನಿಗೆ ಅಂಟಿದ ಸಕ್ಕರೆಯನ್ನೂ ಇದು ಅಳೆಯುತ್ತದೆ. ಬೆರಳು ಚುಚ್ಚಿ ನೋಡುವ ಸಕ್ಕರೆಯ ಪ್ರಮಾಣ ಆ ಗಳಿಗೆಯದ್ದಾದರೆ, ಹಿಮೋಗ್ಲೋಬಿನ್ನಿಗೆ ಅಂಟಿದ್ದು ಹಿಂದಿನ ಸುಮಾರು ಮೂರು ತಿಂಗಳ ಲೆಕ್ಕಪುಸ್ತಕವಿದ್ದಂತೆ. 2021ರಲ್ಲಿ ಇದೇ ವೇದಿಕೆಯ ಮೇಲೆ ರೂಪಿಸಿದ ಕೋವಿಡ್ ಪ್ರತಿಕಾಯ ಪರೀಕ್ಷೆಗೆ ಫರೀದಾಬಾದಿನ ಸರಕಾರಿ ಸಂಸ್ಥೆಯೊಂದರಲ್ಲಿ ಪರಿಶೀಲನೆ ನಡೆದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ತಯಾರಿಕಾ ಪರವಾನಗಿ ದೊರೆಯಿತು.

ಎರಡನೆಯದು ಕ್ಷಯರೋಗವನ್ನು ಪತ್ತೆ ಹಚ್ಚುವ 'ಟ್ರೂನ್ಯಾಟ್'. ಇದರ ಸಂಶೋಧನೆ ನಡೆದದ್ದು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ, ತಯಾರಿಕೆ ಗೋವಾ ಮೂಲದ ಮೋಲ್‌ಬಯೋ ಸಂಸ್ಥೆಯಲ್ಲಿ. ರೋಗಾಣುವಿನ ವಂಶದ್ರವ್ಯವನ್ನು ಪ್ರತಿ ಮಾಡಿ ಹೆಚ್ಚಿಸಿ ಗುರುತಿಸುವ ಪಿ.ಸಿ.ಆರ್. ವಿಧಾನವನ್ನು ಒಂದು ಚಿಕ್ಕ ಚಿಪ್ಪಿಗೆ ಇಳಿಸಿದ್ದು ಇದರ ವಿಶೇಷ. ಬ್ಯಾಟರಿಯಿಂದ ನಡೆಯುವುದರಿಂದಲೂ, ರಾಸಾಯನಿಕಗಳು ಒಣಸ್ಥಿತಿಯಲ್ಲಿರುವುದರಿಂದಲೂ ತಾಲ್ಲೂಕು ಮಟ್ಟದಲ್ಲಿ ಬಳಸಬಹುದಾಗಿದೆ. 2000ದ ದಶಕದಲ್ಲಿ ಆರಂಭವಾದ ಈ ಪ್ರಯತ್ನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ದೊರೆತದ್ದು 2020ರಲ್ಲಿ. ಈ ಅವಧಿಯನ್ನು ಹಣ ಹೂಡುವವರು ನೆನಪಿನಲ್ಲಿಡಬೇಕು.

ಮೂರನೆಯದು ರೇಷ್ಮೆ ನಾಡಿನವರಾದ ನಮಗೆ ಕುತೂಹಲಕಾರಿಯಾದುದು. ಅಮೆರಿಕದ ಎಂ.ಐ.ಟಿ.ಯಲ್ಲಿ ಪಿಎಚ್.ಡಿ. ಪಡೆದು ಬಂದ ಡಾ. ಧನಂಜಯ ದೆಂಡುಕೂರಿ ಅವರ ಬೆಂಗಳೂರಿನ ಅಚಿರಾ ಲ್ಯಾಬ್ಸ್ ತಂಡವು ಪ್ರತಿಕಾಯಗಳನ್ನು ಲೇಪಿಸಿದ ರೇಷ್ಮೆ ನೂಲನ್ನು ಕೈಮಗ್ಗದಲ್ಲಿ ನೇಯ್ದು, ಆ ಬಟ್ಟೆಯನ್ನು ಕತ್ತರಿಸಿ ಪರೀಕ್ಷಾ ಸ್ಟ್ರಿಪ್ ಮಾಡಬಹುದೆಂದು 2011ರಲ್ಲಿ ಪ್ರಕಟಿಸಿತು. ನೈಟ್ರೋಸೆಲ್ಯುಲೋಸ್ ಪೊರೆಯ ಸ್ಥಾನದಲ್ಲಿ ಮಗ್ಗದ ಬಟ್ಟೆಯನ್ನು ಬಳಸುವ ಆಲೋಚನೆ ಇದು. ಇದೇ ಸಂಸ್ಥೆಯು ಸೂಕ್ಷ್ಮನಾಳಗಳುಳ್ಳ ಕಾರ್ಟ್ರಿಜ್ ತಂತ್ರಜ್ಞಾನವನ್ನೂ ಬೆಳೆಸಿತು. 2022ರಲ್ಲಿ ಸಿಪ್ಲಾ ಕಂಪನಿ ಅದರಲ್ಲಿ ಪಾಲು ಪಡೆಯಿತು. ಒಳ್ಳೆಯ ಸಂಶೋಧನಾ ಲೇಖನವಾಗುವುದು ಬೇರೆ, ನಿರಂತರವಾಗಿ ತಯಾರಾಗುವ ಸರಕಾಗುವುದು ಬೇರೆ ಎಂಬುದನ್ನು ಈ ಉದಾಹರಣೆಯಿಂದ ತಿಳಿಯಬಹುದು.

ಸಾವಿರ ಸ್ಟ್ರಿಪ್, ಒಂದೇ ಉತ್ತರ

ಸಂಶೋಧನಾರ್ಥಿಯು ಐವತ್ತು ಅಥವಾ ನೂರು ಸ್ಟ್ರಿಪ್‌ಗಳನ್ನು ತನ್ನ ಕೈಯಾರೆ ಮಾಡುತ್ತಾನೆ. ಒಂದು ಕೆಟ್ಟರೆ ಎಸೆದು ಇನ್ನೊಂದನ್ನು ಮಾಡುತ್ತಾನೆ. ಮಾರುಕಟ್ಟೆಗೆ ಬೇಕಾದುದು ಒಂದು ಲಕ್ಷ ಸ್ಟ್ರಿಪ್. ಮೊದಲನೆಯದೂ ಕೊನೆಯದೂ ಒಂದೇ ಉತ್ತರ ಕೊಡಬೇಕು. ಇಂದು ಮಾಡಿದ್ದು ಹದಿನೆಂಟು ತಿಂಗಳ ನಂತರ ಬೇಸಿಗೆಯ ಕಲಬುರಗಿಯಲ್ಲಿಯೂ ಅದೇ ಉತ್ತರ ಕೊಡಬೇಕು. ಮಹಾಪ್ರಬಂಧ ನಿಲ್ಲುವುದು ಇಲ್ಲಿಯೇ. ನಮ್ಮ ವೃತ್ತಿ ಆರಂಭವಾಗುವುದೂ ಇಲ್ಲಿಂದಲೇ.

ಪ್ಲಾಸ್ಟಿಕ್ ಕವಚವನ್ನೇ ನೋಡಿ. ಅದು ಬರಿಯ ಡಬ್ಬಿಯಲ್ಲ. ಅದರ ಒಳಗಿನ ಉಬ್ಬುಗಳು ಸ್ಟ್ರಿಪ್ಪಿನ ತುಂಡುಗಳನ್ನು ಒಂದರ ಮೇಲೊಂದು ಒತ್ತಿ ಹಿಡಿಯುತ್ತವೆ. ಒತ್ತಡ ಹೆಚ್ಚಾದರೆ ದ್ರವ ಮುಂದೆ ಹರಿಯುವುದಿಲ್ಲ. ಕಡಿಮೆಯಾದರೆ ಪೊರೆಯ ಮೇಲೆ ಉಕ್ಕಿ ಹರಿದು ಗೆರೆ ಮಸುಕಾಗುತ್ತದೆ. ಎರಡೂ ಸಂದರ್ಭಗಳಲ್ಲಿ ರೋಗಿಯು ಆರೋಗ್ಯವಂತನೆಂದು ತೋರಬಹುದು. ಮೋಲ್ಡಿನ ಅಳತೆಯಲ್ಲಿ ಆದ ಸಣ್ಣ ವ್ಯತ್ಯಾಸವು ರೋಗನಿರ್ಣಯದ ತಪ್ಪಾಗಿ ಪರಿಣಮಿಸುತ್ತದೆ. ಆಕ್ಸಲ್‌ಗೆ ಬಿಡಿಭಾಗ ಒದಗಿಸುವಾಗ ಮೈಕ್ರಾನ್ ಲೆಕ್ಕದಲ್ಲಿ ಅಳೆದು ಅಭ್ಯಾಸವಿರುವ ನಮ್ಮ ಟೂಲ್ ರೂಂಗಳಿಗೆ ಈ ಶಿಸ್ತು ಹೊಸತೇನಲ್ಲ.

ವಿದ್ಯುತ್ ಸಂಕೇತದ ಸ್ಟ್ರಿಪ್‌ಗಳಲ್ಲಿ ಇಂಗಾಲದ ಶಾಯಿಯಿಂದ ವಿದ್ಯುದ್ವಾರಗಳನ್ನು ಸ್ಕ್ರೀನ್ ಪ್ರಿಂಟಿಂಗ್ ವಿಧಾನದಿಂದಲೇ ಸಾಮಾನ್ಯವಾಗಿ ಮುದ್ರಿಸುತ್ತಾರೆ. ಅಲ್ಯೂಮಿನಿಯಂ ಪೊರೆಯ ಚೀಲ, ತೇವ ಹೀರುವ ಪೊಟ್ಟಣ, ಲೇಬಲ್, ಮೂರು ನಾಲ್ಕು ಭಾಷೆಗಳ ಬಳಕೆಯ ಸೂಚನಾಪತ್ರ, ಓದುವ ಉಪಕರಣದ ಸರ್ಕ್ಯೂಟ್ ಬೋರ್ಡ್ ಇವೆಲ್ಲವೂ ಬೇಕಾಗುತ್ತವೆ. ಜೋಡಣೆಯ ಕೊಠಡಿಯ ಗಾಳಿ ಒಣಗಿರಬೇಕು, ತೇವಾಂಶವನ್ನು ಶೇ. 30ಕ್ಕಿಂತ ಕೆಳಗಿಡುವುದು ವಾಡಿಕೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಸ್ಕ್ಯಾನ್‌ರೇ ಸಂಸ್ಥೆಯು 2020ರಲ್ಲಿ ಬಿ.ಇ.ಎಲ್. ಜೊತೆಗೂಡಿ 30,000 ವೆಂಟಿಲೇಟರ್‌ಗಳ ಬೇಡಿಕೆಯನ್ನು ನಿರ್ವಹಿಸಿದ್ದನ್ನು ನೆನೆದರೆ, ವೈದ್ಯಕೀಯ ಗುಣಮಟ್ಟದ ತಯಾರಿಕೆ ಮೈಸೂರಿಗೆ ನಿಲುಕದ್ದಲ್ಲ ಎಂಬುದು ಸ್ಪಷ್ಟ.

ಪೇಟೆಂಟ್ ಮತ್ತು ಪರವಾನಗಿ

ನಮ್ಮ ಪೇಟೆಂಟ್ ಕಾಯಿದೆಯ 3ನೇ ಪ್ರಕರಣದ ಪ್ರಕಾರ ಮನುಷ್ಯರ ರೋಗನಿರ್ಣಯದ ವಿಧಾನಕ್ಕೆ ಪೇಟೆಂಟ್ ದೊರೆಯುವುದಿಲ್ಲ. ಆದರೆ ಆ ವಿಧಾನದಲ್ಲಿ ಬಳಸುವ ಹೊಸ ಉಪಕರಣ ಅಥವಾ ಕಿಟ್ಟಿಗೆ ದೊರೆಯಬಹುದು. ಇನ್ನೊಂದು ಮುಖ್ಯ ಸಂಗತಿ: ಪಿಎಚ್.ಡಿ. ಮಹಾಪ್ರಬಂಧಗಳನ್ನು 'ಶೋಧಗಂಗಾ' ಎಂಬ ರಾಷ್ಟ್ರೀಯ ಸಂಗ್ರಹದಲ್ಲಿ ಪ್ರಕಟಿಸುವ ಕ್ರಮವಿದೆ. ಪ್ರಕಟವಾದ ಮೇಲೆ ಅದು ಹೊಸತೆಂಬ ಹಕ್ಕು ಉಳಿಯುವುದು ಕಷ್ಟ. ಆದ್ದರಿಂದ ಪೇಟೆಂಟ್ ಅರ್ಜಿ ಮೊದಲು ಸಲ್ಲಿಕೆಯಾಯಿತೋ, ಮಹಾಪ್ರಬಂಧ ಮೊದಲು ಪ್ರಕಟವಾಯಿತೋ ಎಂದು ವಿಚಾರಿಸದೆ ತಂತ್ರಜ್ಞಾನಕ್ಕೆ ಹಣ ಕೊಡಬಾರದು. ಶೋಧಗಂಗಾವನ್ನು ಯಾರು ಬೇಕಾದರೂ ಓದಬಹುದು. ಮಾತುಕತೆಗೆ ಕೂರುವ ಮುನ್ನ ಓದಿಕೊಂಡು ಹೋಗುವುದು ಲೇಸು.

ರೋಗಪತ್ತೆಯ ಕಿಟ್‌ಗಳು 2018ರ ಜನವರಿ 1ರಿಂದ ಜಾರಿಗೆ ಬಂದ ವೈದ್ಯಕೀಯ ಸಾಧನ ನಿಯಮಗಳಿಗೆ ಒಳಪಟ್ಟಿವೆ. ಅಪಾಯದ ಪ್ರಮಾಣಕ್ಕನುಗುಣವಾಗಿ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಿವೆ. ಎ ಮತ್ತು ಬಿ ವರ್ಗಗಳ ತಯಾರಿಕೆಗೆ ರಾಜ್ಯದ ಪರವಾನಗಿ ಪ್ರಾಧಿಕಾರವೂ, ಸಿ ಮತ್ತು ಡಿ ವರ್ಗಗಳಿಗೆ ಕೇಂದ್ರದ ಪ್ರಾಧಿಕಾರವೂ ಅನುಮತಿ ನೀಡುತ್ತವೆ. ರಕ್ತದಾನದ ರಕ್ತದಲ್ಲಿ ಎಚ್.ಐ.ವಿ. ಹುಡುಕುವ ಕಿಟ್ ಡಿ ವರ್ಗದ್ದು. ಪ್ರಯೋಗಕ್ಕಾಗಿ ಸ್ವಲ್ಪ ಪ್ರಮಾಣದಲ್ಲಿ ತಯಾರಿಸುವುದಕ್ಕೂ ಪ್ರತ್ಯೇಕ ಪರೀಕ್ಷಾ ಪರವಾನಗಿ ಬೇಕು. ಕೇವಲ ಮಾರಾಟ ಮಾಡುವ ವರ್ತಕರೂ ಹೊರತಲ್ಲ. 2022ರ ತಿದ್ದುಪಡಿಯಿಂದ ಎಂ.ಡಿ. 42 ನಮೂನೆಯ ನೋಂದಣಿ ಪತ್ರದ ವ್ಯವಸ್ಥೆ ಬಂದಿದೆ. ಔಷಧ ಮಾರಾಟದ ಪರವಾನಗಿ ಇಲ್ಲದವರು ಇದನ್ನು ಪಡೆದೇ ದಾಸ್ತಾನು ಮಾಡಬೇಕು. ತೆರಿಗೆಯ ವಿಷಯದಲ್ಲಿ, 2025ರ ಸೆಪ್ಟೆಂಬರ್ 22ರಿಂದ ರೋಗಪತ್ತೆ ಕಿಟ್‌ಗಳ ಮೇಲಿನ ಜಿ.ಎಸ್.ಟಿ.ಯನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದೆ.

ಆರಂಭಿಕ ಹಂತದ ಬಂಡವಾಳಕ್ಕೆ ಕೇಂದ್ರ ಸರಕಾರವು 2012ರಲ್ಲಿ ಸ್ಥಾಪಿಸಿದ ಬಿರಾಕ್ ಸಂಸ್ಥೆಯ 'ಬಿಗ್' ಯೋಜನೆಯು 50 ಲಕ್ಷ ರೂ.ಗಳವರೆಗೆ ಅನುದಾನ ನೀಡುವ ಕ್ರಮವನ್ನು ತಂದಿತು. ಸಂಶೋಧಕರು ಇಂತಹ ನೆರವಿನಿಂದ ಮಾದರಿಯನ್ನು ಸಿದ್ಧಪಡಿಸಿದ ಮೇಲೆ ತಯಾರಕರು ಕೈಜೋಡಿಸಿದರೆ ಸಣ್ಣ ಉದ್ದಿಮೆಯ ಮೇಲಿನ ಹೊರೆ ಕಡಿಮೆಯಾಗುತ್ತದೆ.

ಕೇಳಲೇಬೇಕಾದ ಐದು ಪ್ರಶ್ನೆಗಳು

ಯುವ ಸಂಶೋಧಕರೊಬ್ಬರು ಸ್ಟ್ರಿಪ್ಪನ್ನು ಹಿಡಿದು ಹೂಟಗಳ್ಳಿಯ ಒಂದು ಷೆಡ್ಡಿಗೆ ಬಂದು 'ಇದಕ್ಕೆ ಕವಚ ಮಾಡಿಕೊಡುವಿರಾ?' ಎಂದು ಕೇಳಿದರೆ, ಅಥವಾ ಮಾರಾಟ ಪ್ರತಿನಿಧಿಯೊಬ್ಬರು ಏಜೆನ್ಸಿ ಕೊಡುವೆವೆಂದು ಬಂದರೆ, ಈ ಕೆಳಕಂಡ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಉಚಿತ.

1. ಸೂಕ್ಷ್ಮತೆ ಎಷ್ಟು, ನಿರ್ದಿಷ್ಟತೆ ಎಷ್ಟು? ಎರಡನ್ನೂ ಬೇರೆ ಬೇರೆಯಾಗಿ ಹೇಳಬೇಕು.

2. ಆ ಅಂಕಿಗಳು ಎಷ್ಟು ಜನರ ಮಾದರಿಗಳಿಂದ ಬಂದವು? ನಿಜವಾದ ರೋಗಿಗಳ ರಕ್ತವೋ, ಪ್ರಯೋಗಾಲಯದಲ್ಲಿ ಬೆರೆಸಿ ಮಾಡಿದ ದ್ರಾವಣವೋ?

3. ಯಾವ ಹಳೆಯ, ಒಪ್ಪಿತವಾದ ಪರೀಕ್ಷೆಯೊಡನೆ ಹೋಲಿಸಲಾಯಿತು? ಹೋಲಿಸಿದವರು ತಯಾರಕರೇ ಅಥವಾ ಸ್ವತಂತ್ರ ಸಂಸ್ಥೆಯೇ?

4. ಬೇರೆ ಬೇರೆ ತಂಡಗಳಲ್ಲಿ ತಯಾರಾದ ಕಿಟ್‌ಗಳ ನಡುವೆ ಎಷ್ಟು ವ್ಯತ್ಯಾಸ? ಎಷ್ಟು ಉಷ್ಣತೆಯಲ್ಲಿ ಎಷ್ಟು ಕಾಲ ಕೆಡದೆ ಇರುತ್ತದೆ?

5. ಪರವಾನಗಿ ಯಾವ ವರ್ಗದ್ದು, ಯಾರ ಹೆಸರಿನಲ್ಲಿದೆ? ಸರಕು ತಿರಸ್ಕೃತವಾದರೆ ನಷ್ಟ ಯಾರದು?

2020ರ ಏಪ್ರಿಲ್‌ನಲ್ಲಿ ಮೊದಲ ನಾಲ್ಕು ಪ್ರಶ್ನೆಗಳಿಗೆ ಸಮರ್ಪಕ ಉತ್ತರ ದೊರೆತಿದ್ದರೆ ಐದನೆಯದು ಉದ್ಭವಿಸುತ್ತಲೇ ಇರಲಿಲ್ಲ.

ಉತ್ತರವಿಲ್ಲದ ಸಂಶೋಧಕರನ್ನು ತಿರಸ್ಕರಿಸಬೇಕೆಂದು ಇದರ ಅರ್ಥವಲ್ಲ. ಆರಂಭದ ಹಂತದಲ್ಲಿರುವವರಲ್ಲಿ ನಾಲ್ಕನೆಯ ಪ್ರಶ್ನೆಗೆ ಉತ್ತರ ಇರಲಾರದು. ಏಕೆಂದರೆ ಆ ಉತ್ತರ ಹುಟ್ಟಬೇಕಾದದ್ದು ತಯಾರಕರ ಷೆಡ್ಡಿನಲ್ಲಿಯೇ. ಅಂತಹವರಿಗೆ ನೂರು ಕವಚಗಳನ್ನು ಮಾದರಿಗಾಗಿ ಮಾಡಿಕೊಡಬಹುದು. ಆದರೆ ಅಂಕಿಗಳು ಸಿದ್ಧವಾಗುವ ಮುನ್ನ ಲಕ್ಷಾಂತರ ರೂಪಾಯಿಯ ಮೋಲ್ಡಿಗೆ ಬ್ಯಾಂಕಿನ ಸಾಲ ಮಾಡುವುದು ವಿವೇಕವಲ್ಲ. ಇತರ ಸರಕುಗಳಲ್ಲಿ ದೋಷ ಕಂಡರೆ ಗಿರಾಕಿ ಹಿಂದಿರುಗಿಸುತ್ತಾನೆ. ಪರೀಕ್ಷಾ ಕಿಟ್ಟಿನ ದೋಷ ಗಿರಾಕಿಯ ಕಣ್ಣಿಗೆ ಕಾಣುವುದಿಲ್ಲ. ಅದನ್ನು ನಂಬಿ ಆತ ಔಷಧ ಸೇವಿಸುತ್ತಾನೆ ಅಥವಾ ಸೇವಿಸದೆ ಬಿಡುತ್ತಾನೆ. ಆದ್ದರಿಂದ ಈ ವ್ಯಾಪಾರಕ್ಕೆ ಇಳಿಯುವವರು ಲಾಭದ ಶೇಕಡಾವಾರಿಗೆ ಮುನ್ನ ತಪ್ಪಿನ ಶೇಕಡಾವಾರನ್ನು ಲೆಕ್ಕ ಹಾಕುವ ಅಭ್ಯಾಸ ಮಾಡಿಕೊಳ್ಳುವುದು ಕ್ಷೇಮ.